ಟೈಲ್ಸ್ ಎದ್ದು ನಿಂತದ್ದು ಯಾಕೆ? ಎಕ್ಸ್‌ಪಾನ್ಷನ್ ಜಾಯಿಂಟ್ ಎಲ್ಲಿ, ಎಷ್ಟು ಅಗಲ, ಒಳಗೆ ಏನು ತುಂಬಬೇಕು?

ಪ್ರಶ್ನೆ: ನಮ್ಮದು ರಾಯಚೂರಿನಲ್ಲಿ ನಾಲ್ಕು ವರ್ಷದ ಹಿಂದೆ ಕಟ್ಟಿದ ಮನೆ. ಹಾಲ್ ಮತ್ತು ಊಟದ ಜಾಗ ಸೇರಿ 30 ಅಡಿ ಉದ್ದ, 16 ಅಡಿ ಅಗಲ. ನಾಲ್ಕಡಿ ಎರಡಡಿ ವಿಟ್ರಿಫೈಡ್ ಟೈಲ್ಸ್ ಅನ್ನು ಗ್ಯಾಪ್ ಇಲ್ಲದೆ ಜೋಡಿಸಿ ಹಾಕಿಸಿದ್ದೆವು. ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಪಟಾಕಿ ಹೊಡೆದಂತೆ ಸದ್ದಾಗಿ, ಹಾಲ್ ಮಧ್ಯದ ಎರಡು ಸಾಲು ಟೈಲ್ಸ್ ಗುಡಾರದ ಹಾಗೆ ಮೇಲೆದ್ದವು. ಟೈಲ್ಸ್ ಕ್ವಾಲಿಟಿ ಸರಿಯಿಲ್ಲ ಅಂತ ಮೇಸ್ತ್ರಿ ಹೇಳುತ್ತಾರೆ. ಹಾಕಿದ ರೀತಿ ಸರಿಯಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ. ಟೆರೇಸಿನ ಟೈಲ್ಸ್ ಕೂಡ ಅಲ್ಲಲ್ಲಿ ಸಡಿಲವಾಗಿದೆ, ನೀರು ಇಳಿಯುತ್ತಿದೆ. ಎರಡನ್ನೂ ಹೊಸದಾಗಿ ಹಾಕಿಸಬೇಕು. ಎಕ್ಸ್‌ಪಾನ್ಷನ್ ಜಾಯಿಂಟ್ ಕೊಡಬೇಕು ಅಂತ ಒಬ್ಬ ಎಂಜಿನಿಯರ್ ಹೇಳಿದರು. ಅದು ಎಲ್ಲಿ ಬರಬೇಕು, ಎಷ್ಟು ಅಗಲ ಇರಬೇಕು, ಏನು ತುಂಬಬೇಕು? ಹಾಲ್ ನಡುವೆ ಗೆರೆ ಬಂದರೆ ಚೆನ್ನಾಗಿ ಕಾಣಲ್ಲ ಅಂತ ಮನೆಯಲ್ಲಿ ಬೇಸರ. ಬೆಡ್‌ರೂಮ್‌ಗಳ ಟೈಲ್ಸ್ ಇನ್ನೂ ಚೆನ್ನಾಗಿಯೇ ಇದೆ. ಅದಕ್ಕೂ ಏನಾದರೂ ಮಾಡಬೇಕಾ?

ಉತ್ತರ: ನೀವು ಬರೆದದ್ದನ್ನು ನೋಡಿದರೆ ಟೈಲ್ಸ್ ಕೆಟ್ಟದ್ದು ಅನ್ನುವುದಕ್ಕೆ ಯಾವ ಕಾರಣವೂ ಕಾಣುವುದಿಲ್ಲ. ಕಳಪೆ ಟೈಲ್ಸ್ ಆಗಿದ್ದರೆ ಬಿರುಕು ಬಿಡುತ್ತದೆ, ಮೂಲೆ ಒಡೆಯುತ್ತದೆ, ಮೇಲಿನ ಹೊಳಪು ಹೋಗುತ್ತದೆ. ಒಂದಕ್ಕೊಂದು ಒತ್ತಿಕೊಂಡು ಇಡೀ ಸಾಲು ಮೇಲೇಳುವುದು ಬೇರೆಯೇ ಕಾಯಿಲೆ. ನೆಲಕ್ಕೆ ಅಲುಗಾಡಲು ಜಾಗ ಇರಲಿಲ್ಲ. ಎಕ್ಸ್‌ಪಾನ್ಷನ್ ಜಾಯಿಂಟ್ ಅಂದರೆ ಹೀಗೆ ಬಿಡುವ ಜಾಗವೇ. ಈ ಜಾಗ ಬಿಡದೆ ಎಷ್ಟೇ ದುಬಾರಿ ಟೈಲ್ಸ್ ತಂದು ಹಾಕಿಸಿದರೂ ಮತ್ತೆ ಇದೇ ಆಗಬಹುದು. ಆದ್ದರಿಂದ ಟೈಲ್ಸ್ ಆರಿಸಲು ಅಂಗಡಿಗೆ ಹೋಗುವ ಮೊದಲು ಜಾಯಿಂಟ್ ಎಲ್ಲಿ ಬರಬೇಕು ಅಂತ ತೀರ್ಮಾನ ಮಾಡಿ.

ಮೊದಲು ಏನಾಯಿತು ಅಂತ ನೋಡೋಣ. ಇದು ಗೊತ್ತಾದರೆ ಮೇಸ್ತ್ರಿ ಜೊತೆ ಮಾತಾಡುವಾಗ ನಿಮಗೆ ಧೈರ್ಯ ಇರುತ್ತದೆ.

ಸಿಮೆಂಟ್ ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಕ್ಯೂರಿಂಗ್ ಮುಗಿದ ಕೂಡಲೇ ಇದು ನಿಲ್ಲುವುದಿಲ್ಲ, ನಿಧಾನವಾಗಿ ವರ್ಷಗಟ್ಟಲೆ ನಡೆಯುತ್ತದೆ. ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456 ಇದಕ್ಕೆ ಅಂದಾಜು 0.0003 ಅನ್ನುವ ಅಳತೆ ಕೊಡುತ್ತದೆ. ಅಂದರೆ ಒಂದು ಮೀಟರ್‌ಗೆ ಸುಮಾರು 0.3 ಮಿಲಿಮೀಟರ್. ನಿಮ್ಮ ಹಾಲ್ 30 ಅಡಿ, ಅಂದರೆ 9 ಮೀಟರ್. ಲೆಕ್ಕ ಹಾಕಿದರೆ 2.7 ಮಿಮೀ. ಟೈಲ್ಸ್ ಹಾಕುವ ಮೊದಲೇ ಇದರಲ್ಲಿ ಒಂದು ಭಾಗ ಮುಗಿದಿರುತ್ತದೆ, ನಿಜ. ಆದರೆ ಸ್ಲ್ಯಾಬ್ ಹಾಕಿ ಕೆಲವೇ ತಿಂಗಳಲ್ಲಿ ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟು, ಅವಸರದಲ್ಲಿ ಟೈಲ್ಸ್ ಹಾಕಿಸುವುದು ನಮ್ಮಲ್ಲಿ ರೂಢಿ. ಅಡಿಗೆ ಹಾಸುವ ಎರಡು ಇಂಚು ಮಾಲು (ಸಿಮೆಂಟ್ ಮರಳಿನ ಗಾರೆ) ಕೂಡ ಹಸಿಯಾಗಿಯೇ ಇರುತ್ತದೆ, ಅದೂ ಒಣಗುತ್ತಾ ಕುಗ್ಗುತ್ತದೆ. ಮೇಲಿರುವ ವಿಟ್ರಿಫೈಡ್ ಟೈಲ್ಸ್ ಮಾತ್ರ ಕುಗ್ಗುವುದೇ ಇಲ್ಲ. ಅದನ್ನು ಒಲೆಯಲ್ಲಿ ಸುಮಾರು 1200 ಡಿಗ್ರಿಯಲ್ಲಿ ಸುಟ್ಟು ತಂದಿರುತ್ತಾರೆ. ಕೆಳಗಿನದು ಚಿಕ್ಕದಾಗುತ್ತಾ ಹೋಗುತ್ತದೆ, ಮೇಲಿನದು ಇದ್ದಷ್ಟೇ ಇರುತ್ತದೆ. ನಾಲ್ಕೂ ಕಡೆ ಗೋಡೆಗೆ ಬಿಗಿಯಾಗಿ ತಾಗಿಸಿದ್ದರೆ ಟೈಲ್ಸ್ ಸಾಲು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚು ಒತ್ತಡಕ್ಕೆ ಸಿಕ್ಕಿಕೊಳ್ಳುತ್ತದೆ.

ಅದರ ಮೇಲೆ ಬಿಸಿಲು. ರಾಯಚೂರಿನಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವುದು ಮಾಮೂಲು. ವಿಟ್ರಿಫೈಡ್ ಟೈಲ್ಸ್ ಒಂದು ಡಿಗ್ರಿ ಬಿಸಿಯಾದರೆ ಹತ್ತು ಲಕ್ಷದಲ್ಲಿ ಸುಮಾರು 7 ಪಾಲು ಹಿಗ್ಗುತ್ತದೆ. ಕಿಟಕಿಯಿಂದ ಬಿಸಿಲು ಬೀಳುವ ನೆಲ ಚಳಿಗಾಲಕ್ಕಿಂತ 20 ಡಿಗ್ರಿ ಜಾಸ್ತಿ ಬಿಸಿಯಾಯಿತು ಅಂತ ಇಟ್ಟುಕೊಳ್ಳಿ. 9 ಮೀಟರ್ ಉದ್ದಕ್ಕೆ 1.26 ಮಿಮೀ ಆಯಿತು. ಕೇಳಲು ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ?

ಆದರೆ ಅಷ್ಟೇ ಸಾಕು. ಒಂದು ಪ್ಲಾಸ್ಟಿಕ್ ಸ್ಕೇಲನ್ನು ಮೇಜಿನ ಮೇಲಿಟ್ಟು ಎರಡು ತುದಿಯಿಂದ ಒತ್ತಿ ನೋಡಿ. ತುದಿಗಳು ಒಂದು ಕೂದಲೆಳೆಯಷ್ಟು ಹತ್ತಿರ ಬಂದರೂ ನಡುಭಾಗ ಎಷ್ಟೋ ಮೇಲೇಳುತ್ತದೆ. ಎರಡಡಿ ಅಗಲದ ಎರಡು ಟೈಲ್ಸ್ ಪಕ್ಕಪಕ್ಕ ಇವೆ, ಅವುಗಳಿಗೆ ಬೇಕಾದ ಜಾಗದಲ್ಲಿ ಬರೀ ಅರ್ಧ ಮಿಲಿಮೀಟರ್ ಕಡಿಮೆ ಬಿತ್ತು ಅಂದುಕೊಳ್ಳಿ. ಲೆಕ್ಕದ ಪ್ರಕಾರ ಅವು ಸೇರುವ ಜಾಗ ಸುಮಾರು 17 ಮಿಮೀ ಮೇಲೇಳುತ್ತದೆ. ಒಂದು ಮಿಮೀ ಕಡಿಮೆ ಬಿದ್ದರೆ 24 ಮಿಮೀ. ನಿಮ್ಮ ಹಾಲ್‌ನಲ್ಲಿ ಎದ್ದು ನಿಂತದ್ದು ಇದೇ. ಮಧ್ಯಾಹ್ನದ ಬಿಸಿಲು ಕೊನೆಯ ಒತ್ತು ಕೊಟ್ಟಿತು, ಅಷ್ಟೆ. ಒತ್ತಡ ನಾಲ್ಕು ವರ್ಷದಿಂದ ಕೂಡಿಕೊಂಡು ಬಂದಿತ್ತು.

ಹಾಗಾದರೆ ಮೇಸ್ತ್ರಿಯ ತಪ್ಪೇನೂ ಇಲ್ಲವಾ? ಇದೆ. ಎದ್ದ ಟೈಲ್ಸ್ ತೆಗೆದು ಹಿಂಭಾಗ ನೋಡಿ. ಮಾಲು ಅಂಟಿಕೊಳ್ಳದೆ ಹಿಂಭಾಗ ನುಣ್ಣಗೆ ಶುಭ್ರವಾಗಿದ್ದರೆ, ಅಥವಾ ಬಿಳಿ ಪುಡಿ ಹಾಗೇ ಉಳಿದಿದ್ದರೆ, ಹಿಡಿತವೇ ಬಂದಿರಲಿಲ್ಲ ಅಂತ ಅರ್ಥ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಅದರ ತೂಕದ ನೂರಕ್ಕೆ ಅರ್ಧ ಪಾಲಿಗಿಂತ ಕಡಿಮೆ. ಹೀರದ ಟೈಲ್ಸ್‌ಗೆ ಸಿಮೆಂಟ್ ಹಾಲು ಸರಿಯಾಗಿ ಹಿಡಿಯುವುದಿಲ್ಲ. ಹಿಂಭಾಗದ ಬಿಳಿ ಪುಡಿ ಒಲೆಯ ರೋಲರ್‌ಗಳಿಗೆ ಅಂಟಬಾರದು ಅಂತ ಕಾರ್ಖಾನೆಯಲ್ಲಿ ಹಚ್ಚುವುದು. ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿಯೇ ಹಾಕಬೇಕು. ಅಡ್ಹೆಸಿವ್ (ಚೀಲದಲ್ಲಿ ಬರುವ ಟೈಲ್ಸ್ ಅಂಟು) ಬಳಸಿದರೂ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ ಇಟ್ಟು ಒತ್ತಿಬಿಡುವ ಅಭ್ಯಾಸ ತುಂಬಾ ಕಡೆ ಇದೆ. ಟೈಲ್ಸ್‌ನ ಬಹುಪಾಲು ಆಗ ಗಾಳಿಯ ಮೇಲೆ ನಿಂತಿರುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಳ್ಳೆಯ ಅಡ್ಹೆಸಿವ್ ಹಾಕಿದರೆ ಜಾಯಿಂಟ್ ಬೇಡ ಅಂತ ಹೇಳುವವರು ಸಿಗುತ್ತಾರೆ. ನಂಬಬೇಡಿ. ಅಂಟು ಗಟ್ಟಿ ಇದ್ದಷ್ಟೂ ಟೈಲ್ಸ್ ಏಳುವುದು ತಡವಾಗುತ್ತದೆ, ಆದರೆ ಒತ್ತಡ ಅಲ್ಲೇ ಇರುತ್ತದೆ. ಅದು ಟೈಲ್ಸ್ ಅಂಚನ್ನು ಒಡೆಯುತ್ತದೆ, ಅಥವಾ ಅಡಿಯ ಮಾಲನ್ನೇ ಕಿತ್ತುಕೊಂಡು ಮೇಲೆ ಬರುತ್ತದೆ. ಅಡ್ಹೆಸಿವ್ ಬೇಕು, ಜಾಯಿಂಟೂ ಬೇಕು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಗ್ರೌಟ್ ಗೆರೆಯ ವಿಷಯದಲ್ಲೂ ಇದೇ ಗೊಂದಲ ಇದೆ. ಟೈಲ್ಸ್ ನಡುವೆ ಸ್ಪೇಸರ್ ಇಟ್ಟು 2 ಅಥವಾ 3 ಮಿಮೀ ಬಿಟ್ಟರೆ ಅದೇ ಎಕ್ಸ್‌ಪಾನ್ಷನ್ ಜಾಯಿಂಟ್ ಅಂತ ಎಷ್ಟೋ ಜನ ತಿಳಿದಿದ್ದಾರೆ. ಗ್ಯಾಪ್ ಬಿಡಲೇಬೇಕು, ನಿಮ್ಮ ಮನೆಯ ಹಾಗೆ ಅಂಚಿಗೆ ಅಂಚು ತಾಗಿಸಿ ಹಾಕುವುದು ಯಾವ ಕಾರಣಕ್ಕೂ ಬೇಡ. ಆದರೆ ಆ ಗ್ಯಾಪ್‌ಗೆ ತುಂಬುವ ಸಿಮೆಂಟ್ ಗ್ರೌಟ್ ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿ. ಎಪಾಕ್ಸಿ ಗ್ರೌಟ್ ಇನ್ನೂ ಗಟ್ಟಿ. ಕಲೆ ಹಿಡಿಯುವುದಿಲ್ಲ, ನೀರು ಹೀರುವುದಿಲ್ಲ ಅನ್ನುವ ಕಾರಣಕ್ಕೆ ಎಪಾಕ್ಸಿ ಒಳ್ಳೆಯದೇ. ಹಿಗ್ಗು ಕುಗ್ಗಿಗೆ ಮಾತ್ರ ಅದು ಜಾಗ ಕೊಡುವುದಿಲ್ಲ. ಎಕ್ಸ್‌ಪಾನ್ಷನ್ ಜಾಯಿಂಟ್ ಅಂದರೆ ಒಳಗೆ ಮೆತ್ತಗಿನ, ಒತ್ತಿದರೆ ಒತ್ತಿಕೊಂಡು ಬಿಟ್ಟರೆ ಮತ್ತೆ ಅಗಲವಾಗುವ ವಸ್ತು ಇರುವ ಸಂದು. ಇಷ್ಟು ನೆನಪಿದ್ದರೆ ಸಾಕು.

ಈಗ ಎಲ್ಲಿ ಕೊಡಬೇಕು ಅನ್ನುವುದಕ್ಕೆ ಬರೋಣ.

ಎಲ್ಲಕ್ಕಿಂತ ಮುಖ್ಯ ಗೋಡೆಯ ಬುಡ. ಹಾಲ್‌ನ ನಾಲ್ಕೂ ಸುತ್ತ, ಟೈಲ್ಸ್ ಮತ್ತು ಗೋಡೆಯ ನಡುವೆ 8ರಿಂದ 10 ಮಿಮೀ ಖಾಲಿ ಬಿಡಿ. ಇದಕ್ಕೆ ಪೈಸೆ ಖರ್ಚಿಲ್ಲ, ಯಾರಿಗೂ ಕಾಣುವುದೂ ಇಲ್ಲ, ಸ್ಕರ್ಟಿಂಗ್ ಮುಚ್ಚಿಕೊಳ್ಳುತ್ತದೆ. ಆದರೂ ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಮನೆಯಲ್ಲಿ ಇದು ಇರುವುದಿಲ್ಲ ಅಂತಲೇ ನನಗೆ ಅನ್ನಿಸುತ್ತದೆ. ಯಾಕೆಂದರೆ ಕೊನೆಯ ಸಾಲು ಕತ್ತರಿಸಿ ಹಾಕಿದ ಮೇಲೆ ಉಳಿದ ಸಂದಿಗೆ ಮಾಲು ತುಂಬಿ ಒರೆಸಿಬಿಡುವುದು ಕೈಗೆ ಬಂದ ಅಭ್ಯಾಸ. ಅದು ನೀಟಾಗಿ ಕಾಣಲಿ ಅಂತ ಮಾಡುತ್ತಾರೆ, ಕೆಟ್ಟ ಉದ್ದೇಶವೇನೂ ಇಲ್ಲ. ಆದ್ದರಿಂದ ಮೊದಲೇ ಹೇಳಿ. ಗೋಡೆಯ ಬುಡಕ್ಕೆ 10 ಮಿಮೀ ದಪ್ಪದ ಥರ್ಮಾಕೋಲ್ ಅಥವಾ ಫೋಮ್ ಪಟ್ಟಿಯನ್ನು ಮಾಲು ಹಾಕುವ ಮೊದಲೇ ನಿಲ್ಲಿಸಿಬಿಡಿ. ಮಾಲು, ಟೈಲ್ಸ್ ಎರಡೂ ಆ ಪಟ್ಟಿಯವರೆಗೆ ಬಂದು ನಿಲ್ಲುತ್ತವೆ. ಕೆಲಸ ಮುಗಿದ ಮೇಲೆ ಟೈಲ್ಸ್ ಮಟ್ಟಕ್ಕೆ ಪಟ್ಟಿಯನ್ನು ಬ್ಲೇಡಿನಲ್ಲಿ ಕೊಯ್ದು ತೆಗೆದರಾಯಿತು.

ಸ್ಕರ್ಟಿಂಗ್ ವಿಷಯದಲ್ಲಿ ಒಂದು ಎಚ್ಚರ. ಅದು ಗೋಡೆಗೆ ಅಂಟಿರಬೇಕು, ನೆಲಕ್ಕೆ ಅಲ್ಲ. ಸ್ಕರ್ಟಿಂಗ್ ಅಡಿಗೆ 2 ಮಿಮೀ ಬಿಟ್ಟು ಅಲ್ಲಿ ಅದೇ ಬಣ್ಣದ ಸಿಲಿಕಾನ್ ಎಳೆಯಿರಿ. ವೈಟ್ ಸಿಮೆಂಟ್ ತುರುಕಿದರೆ ಸುತ್ತ ಬಿಟ್ಟ ಜಾಗದ ಉಪಯೋಗ ಅರ್ಧ ಹೋಯಿತು.

ಹಾಲ್ ನಡುವೆ ಕಂಬ ಇದ್ದರೆ ಅದರ ಸುತ್ತಲೂ ಹೀಗೇ. ಮೆಟ್ಟಿಲಿನ ಮೊದಲ ಪಾವಟಿಗೆಯ ಬುಡ, ಅಡುಗೆಮನೆ ಕಟ್ಟೆಯ ಬುಡ, ಬಾಗಿಲಿನ ಗ್ರಾನೈಟ್ ಹೊಸ್ತಿಲು ಟೈಲ್ಸ್‌ಗೆ ತಾಗುವ ಜಾಗ, ಇವೂ ಬೇಕು. ಒಂದು ವಸ್ತು ಮುಗಿದು ಇನ್ನೊಂದು ಶುರುವಾಗುವಲ್ಲಿ, ಅಡ್ಡ ಮಟ್ಟ ಲಂಬ ಮಟ್ಟಕ್ಕೆ ತಿರುಗುವಲ್ಲಿ ಗ್ರೌಟ್ ಬೇಡ, ಸೀಲೆಂಟ್ ಇರಲಿ, ಅಂದರೆ ಸಿಲಿಕಾನ್‌ನಂತೆ ಒಣಗಿದ ಮೇಲೂ ರಬ್ಬರಿನ ಹಾಗೆ ಮೆತ್ತಗಿರುವ ಅಂಟು.

ಇನ್ನು ನಿಮ್ಮ ಮನೆಯವರಿಗೆ ಬೇಸರ ತಂದಿರುವ ನಡುವಿನ ಗೆರೆ. ಅಮೆರಿಕದ ಟೈಲ್ ಕೌನ್ಸಿಲ್ ಕೈಪಿಡಿಯಲ್ಲಿ ಇದಕ್ಕೆ ಸ್ಪಷ್ಟ ಅಳತೆ ಇದೆ, ನಮ್ಮ ಕಡೆಯ ಎಂಜಿನಿಯರ್‌ಗಳೂ ಅದನ್ನು ನೋಡುತ್ತಾರೆ. ಮನೆಯೊಳಗೆ ಪ್ರತಿ ದಿಕ್ಕಿನಲ್ಲೂ 25 ಅಡಿಗಿಂತ ಜಾಸ್ತಿ ದೂರ ಜಾಯಿಂಟ್ ಇಲ್ಲದೆ ಹೋಗಬಾರದು. ನೇರ ಬಿಸಿಲು ಅಥವಾ ನೀರು ಬೀಳುವ ಒಳನೆಲಕ್ಕೆ 12 ಅಡಿ. ಹೊರಗಡೆ 8ರಿಂದ 12 ಅಡಿಗೆ ಒಂದು. ನಿಮ್ಮ ಹಾಲ್ ಅಗಲ 16 ಅಡಿ, ಆ ದಿಕ್ಕಿನಲ್ಲಿ ಗೋಡೆಯ ಬುಡದ ಜಾಗವೇ ಸಾಕು. ಉದ್ದ 30 ಅಡಿ, ಆದ್ದರಿಂದ ಒಂದು ಅಡ್ಡ ಗೆರೆ ಬೇಕೇ ಬೇಕು. ಅದನ್ನು ಹಾಲ್ ಮುಗಿದು ಊಟದ ಜಾಗ ಶುರುವಾಗುವಲ್ಲಿ ಕೊಡಿ. ಸಾಮಾನ್ಯವಾಗಿ ಅಲ್ಲಿ ಮೇಲೆ ಒಂದು ಬೀಮ್ ಇರುತ್ತದೆ, ಎರಡು ಪಕ್ಕ ಗೋಡೆ ಸ್ವಲ್ಪ ಮುಂದೆ ಬಂದಿರುತ್ತದೆ. ಗೋಡೆಯ ಆ ಮೂಲೆಗೆ ನೇರವಾಗಿ ಗೆರೆ ಬಂದರೆ ಕಣ್ಣಿಗೂ ಸಹಜವಾಗಿ ಕಾಣುತ್ತದೆ, ಕೆಲಸಕ್ಕೂ ಅದೇ ಸರಿಯಾದ ಜಾಗ, ಏಕೆಂದರೆ ಒಳಮೂಲೆಗಳಲ್ಲೇ ಒತ್ತಡ ಜಾಸ್ತಿ. ಪಶ್ಚಿಮದ ದೊಡ್ಡ ಕಿಟಕಿ ಅಥವಾ ಗಾಜಿನ ಬಾಗಿಲಿನಿಂದ ಬಿಸಿಲು ನೆಲಕ್ಕೆ ಬಹಳ ಹೊತ್ತು ಬೀಳುತ್ತಿದ್ದರೆ, ಅಲ್ಲಿಂದ 12 ಅಡಿಯೊಳಗೆ ಇನ್ನೊಂದು ಗೆರೆ ಕೊಡಿ ಅಂತ ನಾನು ಹೇಳುತ್ತೇನೆ.

ಈ ಗೆರೆ ಕಪ್ಪಗೆ ಕಾಣಬೇಕಾಗಿಲ್ಲ. ಒಳಗಡೆಗೆ 5ರಿಂದ 6 ಮಿಮೀ ಅಗಲ ಸಾಕು. ಟೈಲ್ಸ್‌ಗೆ ಹೊಂದುವ ಬೂದು, ಐವರಿ, ಬೀಜ್ ಬಣ್ಣದ ಸೀಲೆಂಟ್ ಸಿಗುತ್ತದೆ. ಗ್ರೌಟ್ ಮತ್ತು ಸೀಲೆಂಟ್ ಎರಡಕ್ಕೂ ಒಂದೇ ಶೇಡ್ ಮಾಡುವ ಕಂಪನಿಗಳಿವೆ. ಉಳಿದ ಗ್ರೌಟ್ ಗೆರೆಗಳನ್ನು 3 ಮಿಮೀ ಇಟ್ಟರೆ ಇದೊಂದು ಸ್ವಲ್ಪ ಅಗಲದ ಗೆರೆ ಎದ್ದು ಕಾಣುವುದಿಲ್ಲ. ಇಲ್ಲವಾದರೆ ಹಿತ್ತಾಳೆ ಅಥವಾ ಸ್ಟೀಲ್ ಅಂಚಿನ, ನಡುವೆ ರಬ್ಬರ್ ಇರುವ ರೆಡಿಮೇಡ್ ಪಟ್ಟಿ ಹಾಕಿಸಿ, ಅದೇ ಒಂದು ಅಲಂಕಾರವಾಗುತ್ತದೆ. ಹಳೆಯ ಮೊಸಾಯಿಕ್ ನೆಲ ನೋಡಿದ್ದೀರಲ್ಲ, ಚೌಕ ಚೌಕವಾಗಿ ಗಾಜಿನ ಅಥವಾ ಹಿತ್ತಾಳೆಯ ಪಟ್ಟಿ ಇರುತ್ತಿತ್ತು. ಅದನ್ನು ಬರೀ ಅಂದಕ್ಕೆ ಹಾಕುತ್ತಿರಲಿಲ್ಲ. ಸಿಮೆಂಟ್ ನೆಲ ಕುಗ್ಗುವಾಗ ಬಿರುಕು ಎಲ್ಲೆಂದರಲ್ಲಿ ಬರದೆ ಪಟ್ಟಿಯ ಗೆರೆಯಲ್ಲೇ ಉಳಿಯಲಿ ಅಂತ ಹಾಕುತ್ತಿದ್ದರು. ನಿಮ್ಮ ಅತ್ತೆ ಮಾವ, ಅಜ್ಜಿ ತಾತ ಇದ್ದ ಮನೆಯಲ್ಲಿ ಆ ಗೆರೆ ಯಾರಿಗೂ ವಿಕಾರ ಅನ್ನಿಸಿರಲಿಲ್ಲ. ನಿಮ್ಮ ಕಲಬುರಗಿ, ರಾಯಚೂರು ಕಡೆಯ ಹಳೆ ಮನೆಗಳ ಶಹಾಬಾದ್ ಕಲ್ಲಿನ ನೆಲದಲ್ಲೂ ಕಲ್ಲಿಗೂ ಕಲ್ಲಿಗೂ ನಡುವೆ ಧಾರಾಳ ಸಂದು ಬಿಟ್ಟಿರುತ್ತಾರೆ. ಗೆರೆಯೇ ಕಾಣಬಾರದು ಅನ್ನುವುದು ದೊಡ್ಡ ಟೈಲ್ಸ್ ಬಂದ ಮೇಲೆ ಬಂದ ಆಸೆ.

ಆಳದ ವಿಷಯದಲ್ಲಿ ತುಂಬಾ ಮೋಸವಾಗುತ್ತದೆ. ಕೆಲಸ ಎಲ್ಲ ಮುಗಿದ ಮೇಲೆ ಕಟ್ಟಿಂಗ್ ಮೆಷಿನ್‌ನಲ್ಲಿ ಟೈಲ್ಸ್ ಮೇಲೆ ಒಂದು ಗೀರು ಎಳೆದು, ಅದರಲ್ಲಿ ಸಿಲಿಕಾನ್ ತುಂಬಿ, ಜಾಯಿಂಟ್ ಆಯಿತು ಅನ್ನುವವರಿದ್ದಾರೆ. ಗೀರು ಟೈಲ್ಸ್‌ನ ಪೂರ್ತಿ ದಪ್ಪ ದಾಟಿ, ಅಡಿಯ ಮಾಲನ್ನೂ ದಾಟಿ ಸ್ಲ್ಯಾಬ್‌ವರೆಗೆ ಹೋಗಬೇಕು. ಅರ್ಧಕ್ಕೆ ನಿಂತರೆ ಒತ್ತಡ ಕೆಳಗಿನ ದಾರಿಯಲ್ಲಿ ಆಚೆ ದಾಟುತ್ತದೆ. ಆದ್ದರಿಂದ ಮಾಲು ಹಾಸುವಾಗಲೇ ಆ ಸಾಲಿನಲ್ಲಿ ಪಟ್ಟಿ ನಿಲ್ಲಿಸುವುದು ಸರಿಯಾದ ವಿಧಾನ. ಒಂದು ಟೈಲ್ಸ್ ಕೂಡ ಆ ಗೆರೆಯನ್ನು ದಾಟಿ ಎರಡೂ ಕಡೆ ಕೂರಬಾರದು. ಇಟ್ಟಿಗೆ ಕಟ್ಟಿದ ಹಾಗೆ ಅರ್ಧ ಅರ್ಧ ಜರುಗಿಸಿ ಹಾಕುವ ಡಿಸೈನ್ ಆದರೆ ಗೆರೆಯ ಹತ್ತಿರ ಟೈಲ್ಸ್ ಕತ್ತರಿಸಿ ನೇರ ಮಾಡಲೇಬೇಕು.

ಕಟ್ಟಡಕ್ಕೇ ಇರುವ ಎಕ್ಸ್‌ಪಾನ್ಷನ್ ಜಾಯಿಂಟ್ ಬೇರೆ ವಿಷಯ. 45 ಮೀಟರ್‌ಗಿಂತ ಉದ್ದದ ಕಟ್ಟಡಕ್ಕೆ ಸಾಮಾನ್ಯವಾಗಿ ಅಂಥದ್ದು ಬೇಕು ಅಂತ ಐಎಸ್ 456 ಹೇಳುತ್ತದೆ. ನಿಮ್ಮ ಮನೆಗೆ ಸಂಬಂಧವಿಲ್ಲ. ಕಲ್ಯಾಣ ಮಂಟಪ, ಶಾಲೆ, ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಿಸುವವರು ಓದುತ್ತಿದ್ದರೆ ಒಂದೇ ಮಾತು: ಸ್ಲ್ಯಾಬಿನಲ್ಲಿ ಆ ಸಂದು ಎಲ್ಲಿದೆಯೋ ಟೈಲ್ಸ್‌ನಲ್ಲೂ ಸರಿಯಾಗಿ ಅಲ್ಲೇ, ಅಷ್ಟೇ ಅಗಲ ಬರಬೇಕು. ಅದರ ಮೇಲೆ ಟೈಲ್ಸ್ ಮುಚ್ಚಿದರೆ ಒಡೆಯುವುದು ಖಂಡಿತ.

ಟೆರೇಸಿಗೆ ಬರೋಣ. ಇಲ್ಲಿ ನನಗೆ ಹಾಲ್‌ಗಿಂತ ಜಾಸ್ತಿ ಕಾಳಜಿ, ಏಕೆಂದರೆ ತಪ್ಪಾದರೆ ನೀರು ಸ್ಲ್ಯಾಬಿನ ಕಬ್ಬಿಣಕ್ಕೆ ಇಳಿಯುತ್ತದೆ.

ಬಿಸಿಲಲ್ಲಿ ಗಾಢ ಬಣ್ಣದ ಟೈಲ್ಸ್ 60 ಡಿಗ್ರಿ ದಾಟುತ್ತದೆ, ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. ಚಳಿಗಾಲದ ಬೆಳಗಿನ ಜಾವ 15 ಡಿಗ್ರಿ. ವ್ಯತ್ಯಾಸ 45 ಡಿಗ್ರಿ. 40 ಅಡಿ, ಅಂದರೆ 12 ಮೀಟರ್ ಉದ್ದದ ಟೆರೇಸಿನಲ್ಲಿ ಇದು 3.8 ಮಿಮೀ ಹಿಗ್ಗು ಕುಗ್ಗು. ಅಡಿಯ ಸ್ಲ್ಯಾಬೂ ಸ್ವಲ್ಪ ಜೊತೆಗೆ ಹಿಗ್ಗುವುದರಿಂದ ಅಷ್ಟೂ ಒತ್ತಡವಾಗುವುದಿಲ್ಲ. ಆದರೆ ಟೈಲ್ಸ್ ಮೊದಲು ಕಾಯುತ್ತದೆ, ಸ್ಲ್ಯಾಬ್ ನಿಧಾನವಾಗಿ ಕಾಯುತ್ತದೆ. ಬೇಸಿಗೆಯ ಮಧ್ಯಾಹ್ನ ಕಾದು ಕೆಂಡವಾದ ಟೈಲ್ಸ್ ಮೇಲೆ ಸಂಜೆ ದಿಢೀರ್ ಭರಣಿ ಮಳೆ ಸುರಿದರೆ ಮೇಲಿನದು ಕ್ಷಣದಲ್ಲಿ ತಣಿಯುತ್ತದೆ, ಕೆಳಗಿನದು ಇನ್ನೂ ಬಿಸಿ. ಈ ಎಳೆದಾಟ ಪ್ರತಿ ವರ್ಷ ನಡೆಯುತ್ತದೆ. ಟೆರೇಸ್ ಟೈಲ್ಸ್ ಸಡಿಲವಾಗುವುದು, ಗ್ರೌಟ್ ಉದುರುವುದು ಇದರಿಂದಲೇ. ಬಿಳಿ ಅಥವಾ ತಿಳಿ ಬಣ್ಣದ ಟೈಲ್ಸ್ ಆರಿಸಿದರೆ ಶಾಖವೂ ಕಡಿಮೆ, ಈ ಎಳೆದಾಟವೂ ಕಡಿಮೆ. ರಾಯಚೂರಿಗೆ ನಾನು ಬೇರೆ ಬಣ್ಣ ಹೇಳುವುದೇ ಇಲ್ಲ.

ಟೆರೇಸನ್ನು 10 ಅಡಿ ಚೌಕಗಳಾಗಿ ವಿಂಗಡಿಸಿ. ಪ್ಯಾರಪೆಟ್ ಗೋಡೆಯ ಸುತ್ತ ಮತ್ತು ಚೌಕಗಳ ನಡುವೆ 10 ಮಿಮೀ ಜಾಯಿಂಟ್. ಈ 10 ಎಲ್ಲಿಂದ ಬಂತು? ಮೂರು ಮೀಟರ್ ಚೌಕ 45 ಡಿಗ್ರಿಗೆ ಸುಮಾರು ಒಂದು ಮಿಮೀ ಹಿಗ್ಗುತ್ತದೆ. ಸಾಮಾನ್ಯ ಒಳ್ಳೆಯ ಸೀಲೆಂಟ್ ತನ್ನ ಅಗಲದ ನೂರಕ್ಕೆ 25 ಪಾಲು ಹಿಗ್ಗಬಲ್ಲದು, ಅಷ್ಟೇ ಕುಗ್ಗಬಲ್ಲದು. ಅಂದರೆ ಒಂದು ಮಿಮೀ ಅಲುಗಾಟಕ್ಕೆ ಕನಿಷ್ಠ ನಾಲ್ಕು ಮಿಮೀ ಅಗಲ ಬೇಕು. ಸಂದು ಎಲ್ಲ ಕಡೆ ಒಂದೇ ಅಗಲ ಬರುವುದಿಲ್ಲ, ಮಾಲು ಕುಗ್ಗುತ್ತದೆ, ಸೀಲೆಂಟ್ ವಯಸ್ಸಾದಂತೆ ಬಿರುಸಾಗುತ್ತದೆ. ಇವಕ್ಕೆಲ್ಲ ಸೇರಿಸಿ ದುಪ್ಪಟ್ಟಿಗಿಂತ ಜಾಸ್ತಿ ಇಟ್ಟರೆ ನಿಶ್ಚಿಂತೆ. ಚೌಕ 12 ಅಡಿಗೆ ಹೋದರೆ 12 ಮಿಮೀ ಮಾಡಿ.

ಒಂದು ತಪ್ಪು ತಿಳಿವಳಿಕೆ ಬೇಡ. ಸೀಲೆಂಟ್ ನೀರು ತಡೆಯುತ್ತದೆ, ಆದರೆ ಟೆರೇಸಿನ ವಾಟರ್‌ಪ್ರೂಫಿಂಗ್ ಅದಲ್ಲ. ವಾಟರ್‌ಪ್ರೂಫಿಂಗ್ ಪದರ ಟೈಲ್ಸ್ ಅಡಿಗೆ, ಜಾಯಿಂಟಿನ ಕೆಳಗೂ ತುಂಡಾಗದೆ ಹೋಗಿ, ಪ್ಯಾರಪೆಟ್ ಗೋಡೆಯ ಮೇಲೆ ಒಂದಡಿ ಹತ್ತಿರ ಏರಬೇಕು. ಜಾಯಿಂಟಿಗೆ ಗೀರು ಎಳೆಯುವಾಗ ಬ್ಲೇಡ್ ಈ ಪದರವನ್ನು ಕೊಯ್ದರೆ ಮಾಡಿದ್ದೆಲ್ಲ ಹಾಳು. ಆದ್ದರಿಂದಲೇ ಮೊದಲೇ ಪಟ್ಟಿ ನಿಲ್ಲಿಸಿ ಅಂತ ಮತ್ತೆ ಹೇಳುತ್ತಿದ್ದೇನೆ. ನೂರಕ್ಕೆ ಒಂದರಷ್ಟು ಇಳಿಜಾರು ಇರಲಿ. ಟೈಲ್ಸ್ ಹಾಕುವ ಮೊದಲು ಎರಡು ದಿನ ನೀರು ಕಟ್ಟಿ ಕೆಳಗಿನ ಸೀಲಿಂಗ್ ನೋಡಿ. ಟೆರೇಸಿಗೆ ಮಾಮೂಲಿ ಅಡ್ಹೆಸಿವ್ ಬೇಡ, ಚೀಲದ ಮೇಲೆ ಎಸ್1 ಅಂತ ಇರುವುದನ್ನು ಕೇಳಿ. ಬಾಗಿದರೂ ಬಿಡದ ಗುಣಕ್ಕೆ ಆ ಗುರುತು.

ಈಗ ಒಳಗೆ ತುಂಬುವುದು. ಸಿಲಿಕಾನ್ ಕೊಳ್ಳುವಾಗ ನ್ಯೂಟ್ರಲ್ ಅಂತ ಕೇಳಿ. ಹಚ್ಚಿದಾಗ ವಿನೆಗರ್ ವಾಸನೆ ಬರುವುದು ಅಸಿಟಿಕ್ ಸಿಲಿಕಾನ್. ಅದು ಗಾಜಿಗೆ ಸರಿ. ಸಿಮೆಂಟ್, ಅಮೃತಶಿಲೆಗೆ ಸರಿಹೋಗುವುದಿಲ್ಲ, ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಅಗ್ಗವಾಗಿ ಅಂಗಡಿಯಲ್ಲಿ ಮೊದಲು ಕೈಗೆ ಸಿಗುವುದು ಅದೇ, ನೋಡಿಕೊಳ್ಳಿ. ಗ್ರಾನೈಟ್ ಪಕ್ಕ ನ್ಯೂಟ್ರಲ್ ಸಿಲಿಕಾನ್ ಕೂಡ ಕೆಲವೊಮ್ಮೆ ಎಣ್ಣೆ ಕಲೆ ಬಿಡುತ್ತದೆ, ಒಂದು ತುಂಡು ಕಲ್ಲಿಗೆ ಹಚ್ಚಿ ಕೆಲವು ದಿನ ನೋಡಿ. ನಡೆದಾಡುವ, ಕುರ್ಚಿ ಎಳೆಯುವ ನೆಲಕ್ಕೆ ಪಾಲಿಯುರಿಥೇನ್ ಸೀಲೆಂಟ್ ನನ್ನ ಆಯ್ಕೆ. ಗಡಸುತನ ಶೋರ್ ಎ (ರಬ್ಬರಿನಂಥ ವಸ್ತುವಿನ ಗಡಸುತನದ ಅಳತೆ) 35 ಅಥವಾ ಜಾಸ್ತಿ ಇರಲಿ, ಇಲ್ಲವಾದರೆ ಹೀಲ್ಸ್, ಕುರ್ಚಿಯ ಕಾಲು ಒಳಗೆ ಇಳಿಯುತ್ತದೆ. ಟೆರೇಸಿಗೆ ಬಿಸಿಲು ತಡೆಯುವ ದರ್ಜೆಯದ್ದೇ ಬೇಕು, ಡಬ್ಬಿಯ ಮೇಲೆ ಓದಿ ತನ್ನಿ. ಬಚ್ಚಲುಮನೆ ಮೂಲೆಗಳಿಗೆ ಬೂಷ್ಟು ಹಿಡಿಯದ ನ್ಯೂಟ್ರಲ್ ಸಿಲಿಕಾನ್ ಸಾಕು.

ತುಂಬುವ ವಿಧಾನಕ್ಕೆ ಗಮನ ಕೊಡಿ, ಇಲ್ಲಿ ಎಡವಿದರೆ ಒಳ್ಳೆಯ ಸೀಲೆಂಟೂ ಒಂದೇ ವರ್ಷದಲ್ಲಿ ಬಿಡುತ್ತದೆ. ಸಂದಿನ ಪೂರ್ತಿ ಆಳಕ್ಕೆ ಸೀಲೆಂಟ್ ತುಂಬಬಾರದು. ಮೊದಲು ಫೋಮ್ ಹಗ್ಗ ಒತ್ತಿ ಕೂರಿಸಬೇಕು, ಅಂಗಡಿಯಲ್ಲಿ ಬ್ಯಾಕರ್ ರಾಡ್ ಅನ್ನುತ್ತಾರೆ. ಅದು ಸಂದಿನ ಅಗಲಕ್ಕಿಂತ ಕಾಲು ಭಾಗ ಹೆಚ್ಚು ದಪ್ಪ ಇರಬೇಕು, 10 ಮಿಮೀ ಸಂದಿಗೆ 12 ಅಥವಾ 13 ಮಿಮೀ ರಾಡ್. ಮೇಲೆ ಉಳಿಯುವ ಜಾಗ ಅಗಲದ ಅರ್ಧದಷ್ಟಿರಲಿ, ಅಂದರೆ 5 ಮಿಮೀ. ಅಷ್ಟಕ್ಕೆ ಮಾತ್ರ ಸೀಲೆಂಟ್. ರಾಡ್‌ನಿಂದ ಸೀಲೆಂಟ್ ಉಳಿತಾಯವೂ ಆಗುತ್ತದೆ, ಆದರೆ ಅಸಲು ಕೆಲಸ ಬೇರೆ. ಸೀಲೆಂಟ್ ಎರಡು ಪಕ್ಕದ ಟೈಲ್ಸ್ ಅಂಚಿಗೆ ಮಾತ್ರ ಅಂಟಿರಬೇಕು. ತಳಕ್ಕೂ ಅಂಟಿಕೊಂಡರೆ ಮೂರು ಕಡೆಯಿಂದ ಕಟ್ಟಿಹಾಕಿದಂತಾಗಿ, ಹಿಗ್ಗಲಾರದೆ ನಡುವೆ ಹರಿಯುತ್ತದೆ. ರಾಡ್ ಹಿಡಿಸುವಷ್ಟು ಆಳವಿಲ್ಲದ ಕಡೆ ತಳಕ್ಕೆ ಅಂಟದ ಪಾಲಿಥೀನ್ ಟೇಪ್ ಹಾಕಿ.

ಸಂದು ಒಣಗಿರಬೇಕು, ಧೂಳಿರಬಾರದು, ಅಂಚಿನಲ್ಲಿ ಗ್ರೌಟ್ ಚೂರು ಉಳಿದಿರಬಾರದು. ಕೆಳಗೆ ಬಿದ್ದ ಒಂದು ಮಾಲಿನ ಗಟ್ಟಿ ಎರಡು ಟೈಲ್ಸ್ ನಡುವೆ ಸಿಕ್ಕಿಕೊಂಡರೂ ಅಲ್ಲಿ ಜಾಯಿಂಟ್ ಇಲ್ಲದಂತೆಯೇ. ಎರಡು ಪಕ್ಕ ಮಾಸ್ಕಿಂಗ್ ಟೇಪ್ ಅಂಟಿಸಿ ಎಳೆದರೆ ಗೆರೆ ನೇರ ಬರುತ್ತದೆ. ಟೆರೇಸಿನಲ್ಲಿ ಬೆಳಗ್ಗೆ ಟೈಲ್ಸ್ ಕಾಯುವ ಮೊದಲು ತುಂಬಿಸಿ. ಸುಡು ಮಧ್ಯಾಹ್ನದಲ್ಲಿ ಟೈಲ್ಸ್ ಪೂರ್ತಿ ಹಿಗ್ಗಿ ಸಂದು ಅತಿ ಕಿರಿದಾಗಿರುತ್ತದೆ. ಆಗ ತುಂಬಿದ ಸೀಲೆಂಟ್ ಉಳಿದ ಹೊತ್ತೆಲ್ಲ ಎಳೆದ ಸ್ಥಿತಿಯಲ್ಲೇ ಇದ್ದು ಬೇಗ ಬಿಡುತ್ತದೆ. ಕೊನೆಗೆ ನೆಲಕ್ಕೆ ಆ್ಯಸಿಡ್ ವಾಶ್ ಮಾಡಲು ಬಿಡಬೇಡಿ. ಗ್ರೌಟ್ ತಿನ್ನುತ್ತದೆ, ಹಿತ್ತಾಳೆ ಪಟ್ಟಿ ಕಪ್ಪಾಗುತ್ತದೆ.

ಸೀಲೆಂಟ್ ಶಾಶ್ವತವಲ್ಲ. ಪ್ರತಿ ವರ್ಷ ಯುಗಾದಿ ಹೊತ್ತಿಗೆ ಟೆರೇಸ್ ಒಮ್ಮೆ ನೋಡಿ, ಅಂಚು ಬಿಟ್ಟ ಕಡೆ ಹಳೆಯದನ್ನು ಕೊಯ್ದು ತೆಗೆದು ಹೊಸದು ತುಂಬಿಸಿ. ಹಳೆಯದರ ಮೇಲೆಯೇ ಹಚ್ಚಿದರೆ ಹಿಡಿಯುವುದಿಲ್ಲ.

ಹಾಲ್‌ಗೆ ಒಂದು ಸಮಾಧಾನ ಇದೆ. ನಾಲ್ಕು ವರ್ಷದಲ್ಲಿ ನಿಮ್ಮ ಸ್ಲ್ಯಾಬ್ ಕುಗ್ಗುವುದರಲ್ಲಿ ಬಹುಪಾಲು ಮುಗಿದಿರುತ್ತದೆ. ಹೊಸ ಟೈಲ್ಸ್‌ಗೆ ಆ ಭಾರ ಮೊದಲಿನಷ್ಟು ಇರುವುದಿಲ್ಲ, ಮುಖ್ಯವಾಗಿ ಬಿಸಿಲು ಮತ್ತು ಸ್ಲ್ಯಾಬ್ ಬಾಗುವುದಕ್ಕೆ ಜಾಗ ಬೇಕು. ಎದ್ದ ಎರಡು ಸಾಲು ಮಾತ್ರ ತೆಗೆದು ಮತ್ತೆ ಅಂಟಿಸಬಹುದಾ ಅಂತ ಮೇಸ್ತ್ರಿ ಕೇಳಿದರೆ ಒಪ್ಪಬೇಡಿ. ಮೊದಲು ನಾಣ್ಯ ಅಥವಾ ಮರದ ಹಿಡಿಯಿಂದ ಉಳಿದ ಟೈಲ್ಸ್ ತಟ್ಟಿ ಕೇಳಿ, ಟೊಳ್ಳು ಸದ್ದು ಬಂದದ್ದಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅರ್ಧ ಹಾಲ್ ಟೊಳ್ಳಾದರೆ ಪೂರ್ತಿ ತೆಗೆಯುವುದೇ ಮೇಲು. ಅಲ್ಲಿಯವರೆಗೆ ಮಕ್ಕಳು ಆ ಕಡೆ ಓಡಾಡದಂತೆ ನೋಡಿಕೊಳ್ಳಿ, ಒಡೆದ ವಿಟ್ರಿಫೈಡ್ ಅಂಚು ಗಾಜಿನಷ್ಟೇ ಹರಿತ.

ಕೆಲಸ ಶುರುವಾಗುವ ದಿನ ನೆಲದ ಮೇಲೆ ಜಾಯಿಂಟ್ ಬರುವ ಗೆರೆಗಳನ್ನು ನೀವೇ ಎದುರಿಗೆ ನಿಂತು ದಾರ ಹಿಡಿದು ಹಾಕಿಸಿ. ಮಜೂರಿ ಮಾತಾಡುವಾಗಲೇ ಜಾಯಿಂಟಿಗೆ ಅಡಿ ಲೆಕ್ಕದಲ್ಲಿ ಬೇರೆ ದರ ಕೊಡಿ. ಚದರಡಿ ದರದಲ್ಲಿ ಸೇರಿಸಿದರೆ ಯಾರಿಗೂ ಅದರ ಮೇಲೆ ಲಕ್ಷ್ಯ ಇರುವುದಿಲ್ಲ, ಕೆಲಸದವರಿಗೂ ನಷ್ಟ.

ಬೆಡ್‌ರೂಮ್‌ಗಳ ವಿಷಯ. 12 ಅಡಿ ಕೋಣೆಯಲ್ಲಿ ಹಾಲ್‌ನಷ್ಟು ಒತ್ತಡ ಕೂಡುವುದಿಲ್ಲ. ತಟ್ಟಿದಾಗ ಎಲ್ಲವೂ ಗಟ್ಟಿ ಸದ್ದು ಕೊಟ್ಟರೆ ಸುಮ್ನೆ ಮುಟ್ಟಬೇಡಿ. ಅಲ್ಲಲ್ಲಿ ಟೊಳ್ಳು ಬಂದರೆ, ಅಥವಾ ಕೆಲವು ಗೆರೆಗಳಲ್ಲಿ ಗ್ರೌಟ್ ಪುಡಿಯಾಗಿ ಮೇಲೆ ಬರುತ್ತಿದ್ದರೆ, ಏಳುವ ಮೊದಲೇ ಒತ್ತಡ ಇಳಿಸಬಹುದು. ಸ್ಕರ್ಟಿಂಗ್ ತೆಗೆದು, ಗೋಡೆಯ ಬುಡದಲ್ಲಿ ಟೈಲ್ಸ್ ಮತ್ತು ಮಾಲು ಎರಡೂ ಕೊಯ್ಯುವಂತೆ 6 ಮಿಮೀ ಗೀರು ಎಳೆಸಿ, ಚೂರೆಲ್ಲ ತೆಗೆದು, ಸ್ಕರ್ಟಿಂಗನ್ನು ಗೋಡೆಗೆ ಮಾತ್ರ ಮತ್ತೆ ಅಂಟಿಸಬೇಕು. ಬಾಗಿಲ ಹೊಸ್ತಿಲ ಹತ್ತಿರವೂ ಹೀಗೇ ಬಿಡಿಸಿ. ಆದರೆ ನಮ್ಮ ಮನೆಗಳಲ್ಲಿ ಕರೆಂಟಿನ ಪೈಪು, ಕೆಲವೊಮ್ಮೆ ನೀರಿನ ಪೈಪು ಇದೇ ಮಾಲಿನೊಳಗೆ ಗೋಡೆಯ ಬುಡದಲ್ಲಿ ಹೋಗಿರುತ್ತದೆ. ಮನೆ ಕಟ್ಟುವಾಗ ತೆಗೆದ ಫೋಟೋ ಇದ್ದರೆ ಹುಡುಕಿ, ಇಲ್ಲವಾದರೆ ವೈರಿಂಗ್ ಮಾಡಿದವರನ್ನೇ ಕರೆಸಿ ದಾರಿ ಗುರುತು ಮಾಡಿಸಿ. ಆ ಕೋಣೆಯ ಮೇನ್ ಸ್ವಿಚ್ ಆಫ್ ಮಾಡದೆ ಬ್ಲೇಡ್ ಇಳಿಸಲು ಬಿಡಬೇಡಿ. ಗುರುತು ಸಿಗದ ಕಡೆ ಮೆಷಿನ್ ಬೇಡ, ಉಳಿಯಲ್ಲಿ ನಿಧಾನವಾಗಿ ಬಿಡಿಸಲಿ.